ರೇಸ್ ಕಾರಿನ ಬ್ಯಾಟರಿ ಕಟ್‌ಆಫ್ ಸ್ವಿಚ್ಚು: ಜೋಡಣೆ ಮತ್ತು ಪರೀಕ್ಷೆ

ಕೆಲವು ವರ್ಷಗಳ ಹಿಂದೆ ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಒಂದು ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಿ ಚಾಲಕರ ಸ್ಪರ್ಧೆ ನಡೆದಿತ್ತು. ನಾನು ಅಲ್ಲಿ ಸ್ವಯಂಸೇವಕ ವೈದ್ಯನಾಗಿ ಆಂಬುಲೆನ್ಸಿನ ಬಳಿ ಇದ್ದೆ. ಮಧ್ಯಾಹ್ನದ ಓಟದಲ್ಲಿ ಪುಟ್ಟದೊಂದು ಮಾಜ್ದಾ ಮಿಯಾಟಾ ಕಾರು ತಿರುವಿನಲ್ಲಿ ಹಿಡಿತ ತಪ್ಪಿ, ಟೈರುಗಳನ್ನು ಪೇರಿಸಿ ಕಟ್ಟಿದ್ದ ತಡೆಗೋಡೆಗೆ ಮೂತಿ ಬಡಿದು ನಿಂತಿತು. ಬಾನೆಟ್ಟಿನ ಅಡಿಯಿಂದ ಬಿಳಿಯ ಹಬೆ ಏಳುತ್ತಿತ್ತು. ಅದು ರೇಡಿಯೇಟರಿನ ನೀರೋ, ಬಿಸಿ ಲೋಹದ ಮೇಲೆ ಸುರಿದ ಪೆಟ್ರೋಲೋ ದೂರದಿಂದ ತಿಳಿಯುವಂತಿರಲಿಲ್ಲ. ಸಮೀಪದಲ್ಲಿ ಬಾವುಟ ಹಿಡಿದು ನಿಂತಿದ್ದ ಹಿರಿಯ ಸ್ವಯಂಸೇವಕರೊಬ್ಬರು ಓಡಿಹೋಗಿ, ಮುಂಗಾಜಿನ ಬುಡದಲ್ಲಿದ್ದ ಕೆಂಪು ಸ್ವಿಚ್ಚನ್ನು ತಿರುಗಿಸಿದರು. ಎಂಜಿನ್ ನಿಲ್ಲಲಿಲ್ಲ. ಅವರು ಅನುಮಾನದಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. ಎಂಜಿನ್ ಓಡುತ್ತಲೇ ಇತ್ತು. ಮಂಕು ಕವಿದಿದ್ದ ಚಾಲಕ ಸಾವರಿಸಿಕೊಂಡು ತಾನೇ ಕೀ ತಿರುಗಿಸುವ ತನಕ ಹತ್ತು ಹನ್ನೆರಡು ಸೆಕೆಂಡುಗಳು ಹಾಗೆಯೇ ಕಳೆದವು.

ಬೆಂಕಿ ಹತ್ತಲಿಲ್ಲ, ಹಬೆ ನೀರಿನದೇ ಆಗಿತ್ತು. ಚಾಲಕನಿಗೆ ಭುಜದ ಮೇಲೆ ಬೆಲ್ಟಿನ ಬಾಸುಂಡೆಯ ಹೊರತು ಬೇರೆ ಗಾಯವಿರಲಿಲ್ಲ. ಆ ಚಾಲಕ ನನ್ನ ಮಗ. ಆ ಸ್ವಿಚ್ಚನ್ನು ಚಳಿಗಾಲದ ಎರಡು ವಾರಾಂತ್ಯಗಳಲ್ಲಿ ನಮ್ಮ ಮನೆಯ ಗ್ಯಾರೇಜಿನಲ್ಲಿ ಜೋಡಿಸಿದವರು ನಾವಿಬ್ಬರೇ. ಜೋಡಿಸಿದ ಮೇಲೆ ಪರೀಕ್ಷೆಯನ್ನೂ ಮಾಡಿದ್ದೆವು. ನಿಂತ ಕಾರಿನಲ್ಲಿ ದೀಪ ಹೊತ್ತಿಸಿ ಸ್ವಿಚ್ಚು ತಿರುಗಿಸಿದೆವು, ದೀಪ ಆರಿತು, ಕೆಲಸ ಮುಗಿಯಿತೆಂದುಕೊಂಡೆವು. ತಪ್ಪಾದದ್ದು ಅಲ್ಲಿಯೇ.

ನಮ್ಮ ಕನ್ನಡ ಕುಟುಂಬಗಳ ಎರಡನೆಯ ತಲೆಮಾರಿನವರಲ್ಲಿ ಕಾರೋಟದ ಹವ್ಯಾಸ ಹಿಡಿದವರು ಈಗ ಅಪರೂಪವಲ್ಲ. ಗ್ಯಾರೇಜಿನಲ್ಲಿ ಮಕ್ಕಳಿಗೆ ಟಾರ್ಚು ಹಿಡಿದು ನಿಲ್ಲುವ ತಂದೆತಾಯಂದಿರಿಗೂ ಉಪಯೋಗವಾಗಲೆಂದು, ಈ ಸ್ವಿಚ್ಚು ಏನು, ಅದನ್ನು ಹೇಗೆ ಜೋಡಿಸಬೇಕು, ಜೋಡಿಸಿದ ಮೇಲೆ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಸ್ವಿಚ್ಚು ಯಾರಿಗಾಗಿ?

ಕಾರಿನ 12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಮನುಷ್ಯನಿಗೆ ಷಾಕ್ ಹೊಡೆಯುವುದಿಲ್ಲ. ಆದ್ದರಿಂದಲೇ ಅದನ್ನು ನಿರಪಾಯಕಾರಿ ಎಂದು ಭಾವಿಸುವವರು ಬಹಳ. ಆದರೆ ಜಜ್ಜಿಹೋದ ತಗಡು ಬ್ಯಾಟರಿಯ ದಪ್ಪ ತಂತಿಯ ಹೊದಿಕೆಯನ್ನು ಸೀಳಿ ಒಳಗಿನ ತಾಮ್ರವನ್ನು ಮುಟ್ಟಿದರೆ ನೂರಾರು ಆಂಪಿಯರ್ ಪ್ರವಾಹ ಹರಿದು, ಲೋಹ ಕರಗಿ ಕಿಡಿ ಸಿಡಿಯುತ್ತದೆ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು; ಗಾಳಿಗಿಂತ ಭಾರವಾದ್ದರಿಂದ ಅದು ಕಾರಿನ ತಳದಲ್ಲಿಯೇ ಮಡುಗಟ್ಟುತ್ತದೆ. ಇದರ ಜೊತೆಗೆ ಇಂಧನ ಪಂಪಿದೆ. ಇಂದಿನ ಬಹುತೇಕ ಎಂಜಿನ್‌ಗಳಲ್ಲಿ ಅದು ಪೆಟ್ರೋಲನ್ನು ಮೂರು ನಾಲ್ಕು ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಕೊಳವೆ ಮುರಿದಿದ್ದು ಪಂಪು ಓಡುತ್ತಲೇ ಇದ್ದರೆ ಪೆಟ್ರೋಲು ತೊಟ್ಟಿಕ್ಕುವುದಿಲ್ಲ, ಪಿಚಕಾರಿಯಂತೆ ಚಿಮ್ಮುತ್ತದೆ. ರಸ್ತೆಯ ಕಾರುಗಳಲ್ಲಿ ಎಂಜಿನ್ ನಿಂತರೆ ನಿಯಂತ್ರಕ ಗಣಕವೇ ಪಂಪನ್ನು ನಿಲ್ಲಿಸುವುದು ಸಾಮಾನ್ಯ. ರೇಸ್ ಕಾರುಗಳಲ್ಲಿ ಹಲವರು ಪಂಪಿಗೆ ನೇರವಾಗಿ ಒಂದು ಸ್ವಿಚ್ಚು ಕೊಟ್ಟಿರುತ್ತಾರೆ. ಅಲ್ಲಿ ಎಂಜಿನ್ ನಿಂತರೂ ಪಂಪು ನಿಲ್ಲದು.

ವೈದ್ಯನಾಗಿ ನಾನು ಹೇಳಬೇಕಾದ ಮಾತು ಇನ್ನೊಂದಿದೆ. ಅಪಘಾತಕ್ಕೆ ಸಿಕ್ಕವನ ಕುತ್ತಿಗೆಯ ಮೂಳೆ ಮುರಿದಿರಬಹುದೆಂಬ ಶಂಕೆಯಿದ್ದರೆ ಅವನನ್ನು ಅವಸರದಿಂದ ಎಳೆಯಬಾರದು. ಒಬ್ಬರು ತಲೆಯನ್ನು ಅಲುಗದಂತೆ ಹಿಡಿದು, ಮತ್ತೊಬ್ಬರು ಕುತ್ತಿಗೆಗೆ ಪಟ್ಟಿ ತೊಡಿಸಿ, ಬೆಲ್ಟು ಬಿಚ್ಚಿ, ದೇಹವನ್ನು ಒಂದೇ ನೇರದಲ್ಲಿ ಹೊರತರಬೇಕು. ಇದಕ್ಕೆ ನಿಮಿಷಗಳು ಬೇಕು. ಬೆಂಕಿಯ ಭಯವಿದ್ದಾಗ ಆ ನಿಮಿಷಗಳು ನಮಗಿಲ್ಲ. ಬೆನ್ನುಹುರಿಗೆ ಏನಾದರೂ ಆಗಲಿ, ಜೀವ ಉಳಿಯಲಿ ಎಂದು ಹಿಡಿದೆಳೆಯಬೇಕಾಗುತ್ತದೆ. ಆದ್ದರಿಂದ ಈ ಸ್ವಿಚ್ಚು ಕಾರನ್ನು ಉಳಿಸುವ ಸಾಧನವಷ್ಟೇ ಅಲ್ಲ. ಚಾಲಕನ ಕುತ್ತಿಗೆಗೆ ಬೇಕಾದ ನಿಮಿಷಗಳನ್ನು ದೊರಕಿಸಿಕೊಡುವ ಸಾಧನ.

ಮೊದಲು ಓಡಿಬರುವವರು ಯಾರು ಎಂಬುದನ್ನೂ ಗಮನಿಸಬೇಕು. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಿಕಿ ಲಾಡಾ ಅವರ ಕಾರು ಹೊತ್ತಿ ಉರಿದಾಗ ಅವರನ್ನು ಹೊರಗೆಳೆದವರು ಅಗ್ನಿಶಾಮಕರಲ್ಲ, ಹಿಂದಿನಿಂದ ಬಂದ ಸಹ ಸ್ಪರ್ಧಿಗಳು: ಅರ್ಟುರೊ ಮೆರ್ಜಾರಿಯೊ, ಗೈ ಎಡ್ವರ್ಡ್ಸ್, ಬ್ರೆಟ್ ಲಂಗರ್ ಮತ್ತು ಹರಾಲ್ಡ್ ಎರ್ಟ್ಲ್. ಸುಟ್ಟಗಾಯಗಳ ಜೊತೆಗೆ, ಉಸಿರಿನೊಡನೆ ಒಳಹೊಕ್ಕ ವಿಷದ ಹೊಗೆ ಲಾಡಾ ಅವರ ಶ್ವಾಸಕೋಶಗಳನ್ನು ತೀವ್ರವಾಗಿ ಘಾಸಿಗೊಳಿಸಿತ್ತು. ಮೊದಲು ತಲಪುವವರು ಯಾರೇ ಆಗಿರಲಿ, ಅವರಿಗೆ ನಿಮ್ಮ ಕಾರಿನ ತಂತಿಗಳ ಪರಿಚಯವಿರುವುದಿಲ್ಲ. ಸ್ವಿಚ್ಚು ಆ ಅಪರಿಚಿತರಿಗಾಗಿ ಇರುವಂಥದು. ಕೆಲಸ ಮಾಡದ ಸ್ವಿಚ್ಚು ಇಲ್ಲದ ಸ್ವಿಚ್ಚಿಗಿಂತ ಕೆಟ್ಟದ್ದು. ಏಕೆಂದರೆ ಅದನ್ನು ನಂಬಿ ಅವರು ಕಾರಿನೊಳಕ್ಕೆ ಕೈ ಹಾಕುತ್ತಾರೆ.

ಬ್ಯಾಟರಿ ಕಡಿದರೂ ಎಂಜಿನ್ ಏಕೆ ನಿಲ್ಲದು?

ನಮ್ಮ ಊರಿನ ತೋಟದಲ್ಲಿ ಮೂರು ಫೇಸಿನ ಪಂಪುಸೆಟ್ಟಿತ್ತು. ಒಂದು ಫ್ಯೂಸ್ ಕಿತ್ತು ಮೋಟಾರಿಗೆ ಕೈ ಹಾಕಲು ಹೋದ ನನ್ನನ್ನು ನಮ್ಮ ತಂದೆ ಗದರಿ ಹಿಂದಕ್ಕೆಳೆದಿದ್ದರು. ಉಳಿದ ಎರಡು ಫೇಸುಗಳಲ್ಲಿ ಕರೆಂಟು ಇದ್ದೇ ಇರುತ್ತದೆ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ನಲವತ್ತು ವರ್ಷಗಳ ಅನಂತರ ಅದೇ ತಪ್ಪನ್ನು ನಾನು ಮಗನ ಕಾರಿನಲ್ಲಿ ಮಾಡಿದೆ.

ಓಡುತ್ತಿರುವ ಕಾರಿನಲ್ಲಿ ವಿದ್ಯುತ್ತಿನ ಮೂಲಗಳು ಎರಡು: ಒಂದು ಬ್ಯಾಟರಿ, ಇನ್ನೊಂದು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್. ಆಲ್ಟರ್ನೇಟರ್ ಒಮ್ಮೆ ಚುರುಕಾದ ಮೇಲೆ ತನಗೆ ಬೇಕಾದ ಕಾಂತಕ್ಷೇತ್ರವನ್ನು ತನ್ನದೇ ವಿದ್ಯುತ್ತಿನಿಂದ ಉಳಿಸಿಕೊಳ್ಳಬಲ್ಲದು. ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಆಲ್ಟರ್ನೇಟರ್ ಎಂಜಿನ್ನಿಗೆ ಕಿಡಿಯನ್ನೂ ಪಂಪಿಗೆ ಶಕ್ತಿಯನ್ನೂ ಕೊಡುತ್ತದೆ. ಈ ಚಕ್ರಕ್ಕೆ ಬ್ಯಾಟರಿಯ ಹಂಗಿಲ್ಲ. ಎರಡೇ ಟರ್ಮಿನಲ್‌ಗಳಿರುವ ಸಾದಾ ಸ್ವಿಚ್ಚನ್ನು ಬ್ಯಾಟರಿಯ ತಂತಿಗೆ ಹಾಕಿದರೆ ಕಡಿದುಹೋಗುವುದು ಬ್ಯಾಟರಿಯ ಸಂಪರ್ಕ ಮಾತ್ರ. ಸ್ವಿಚ್ಚನ್ನು ಋಣ ತಂತಿಗೆ ಹಾಕಿದರೂ ಫಲ ಇಷ್ಟೇ. ಏಕೆಂದರೆ ಆಲ್ಟರ್ನೇಟರಿನ ಋಣ ತುದಿ ಎಂಜಿನ್ನಿನ ಮೈಯ ಮೂಲಕವೇ ಕೂಡಿಕೊಂಡಿರುತ್ತದೆ.

ಎರಡನೆಯ ತೊಂದರೆಯೂ ಉಂಟು. ಆಲ್ಟರ್ನೇಟರ್ ಭಾರಿ ಪ್ರವಾಹ ಕೊಡುತ್ತಿರುವಾಗ ಬ್ಯಾಟರಿಯನ್ನು ಥಟ್ಟನೆ ಕಡಿದರೆ, ಅದರ ಕಾಂತಕ್ಷೇತ್ರ ಅಷ್ಟೇ ಬೇಗ ಇಳಿಯಲಾರದು. ಹೋಗಲು ದಾರಿಯಿಲ್ಲದ ಶಕ್ತಿಯಿಂದ ವೋಲ್ಟೇಜು ಕ್ಷಣಕಾಲ ಹಲವು ಪಟ್ಟು ಏರುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ ಕೆಲವೊಮ್ಮೆ 100 ವೋಲ್ಟಿನ ಸಮೀಪಕ್ಕೂ ಹೋಗುತ್ತದೆ. ಆಲ್ಟರ್ನೇಟರಿನ ಡಯೋಡುಗಳೂ ಎಂಜಿನ್ನಿನ ಗಣಕವೂ ಈ ಹೊಡೆತಕ್ಕೆ ಸುಟ್ಟುಹೋಗಬಹುದು.

ಆರು ಟರ್ಮಿನಲ್‌ಗಳ ಸ್ವಿಚ್ಚು

ಈ ಎರಡೂ ತೊಂದರೆಗಳಿಗೆ ಪರಿಹಾರವಾಗಿ ರೇಸ್ ಕಾರುಗಳಲ್ಲಿ ಆರು ಟರ್ಮಿನಲ್‌ಗಳ ಸ್ವಿಚ್ಚು ಬಳಕೆಯಲ್ಲಿದೆ. ಒಂದೇ ತಿರುಗುಕೀಲಿಯ ಅಡಿಯಲ್ಲಿ ಮೂರು ಸ್ವಿಚ್ಚುಗಳು ಅಡಗಿವೆ ಎಂದು ತಿಳಿಯಿರಿ.

ಮೊದಲನೆಯದು ಎರಡು ದಪ್ಪ ಬೋಲ್ಟುಗಳ ಜೋಡಿ. ಬ್ಯಾಟರಿಯ ಧನ ತಂತಿ ಒಂದಕ್ಕೆ ಬರುತ್ತದೆ. ಇನ್ನೊಂದರಿಂದ ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರ್ ಮತ್ತು ಫ್ಯೂಸ್ ಪೆಟ್ಟಿಗೆಗೆ ತಂತಿಗಳು ಹೊರಡುತ್ತವೆ.

ಎರಡನೆಯದು ಎರಡು ಸಣ್ಣ ಟರ್ಮಿನಲ್‌ಗಳ ಜೋಡಿ. ಹಲವು ಸ್ವಿಚ್ಚುಗಳಲ್ಲಿ ಇದರ ಮೇಲೆ ‘ಡಬ್ಲ್ಯೂ’ ಎಂದು ಬರೆದಿರುತ್ತದೆ. ಸ್ವಿಚ್ಚು ಆನ್ ಇರುವಾಗ ಇದು ಕೂಡಿರುತ್ತದೆ, ಆಫ್ ಮಾಡಿದಾಗ ಬೇರ್ಪಡುತ್ತದೆ. ಇಗ್ನಿಷನ್ನಿನ ವಿದ್ಯುತ್ತು ಇದರ ಮೂಲಕವೇ ಹಾದುಹೋಗುವಂತೆ ಮಾಡಬೇಕು. ಆಗ ಆಲ್ಟರ್ನೇಟರ್ ಎಷ್ಟೇ ವಿದ್ಯುತ್ತು ಕೊಡುತ್ತಿದ್ದರೂ ಕಿಡಿ ನಿಲ್ಲುತ್ತದೆ, ಎಂಜಿನ್ ಸಾಯುತ್ತದೆ. ಈ ಸಣ್ಣ ಜೋಡಿ ಭಾರಿ ಪ್ರವಾಹವನ್ನು ತಾಳದು. ಗಣಕವಿರುವ ಎಂಜಿನ್ನಾದರೆ ಅದರ ಮುಖ್ಯ ರಿಲೇಯನ್ನೂ ಇಂಧನ ಪಂಪಿನ ರಿಲೇಯನ್ನೂ ನಡೆಸುವ ತೆಳು ತಂತಿಯನ್ನು ಇಲ್ಲಿ ಹಾಯಿಸುವುದು ಉತ್ತಮ.

ಮೂರನೆಯದು ಇದರ ವಿರುದ್ಧ ಸ್ವಭಾವದ್ದು. ಇದಕ್ಕೆ ‘ಝಡ್’ ಎಂಬ ಗುರುತಿರುತ್ತದೆ. ಆನ್ ಇರುವಾಗ ಬೇರ್ಪಟ್ಟಿರುತ್ತದೆ, ಆಫ್ ಮಾಡಿದಾಗ ಕೂಡುತ್ತದೆ. ಇದರ ಒಂದು ತುದಿಯನ್ನು ದಪ್ಪ ಬೋಲ್ಟುಗಳಲ್ಲಿ ಆಲ್ಟರ್ನೇಟರ್ ಇರುವ ಕಡೆಯ ಬೋಲ್ಟಿಗೂ, ಇನ್ನೊಂದನ್ನು ಸ್ವಿಚ್ಚಿನ ಜೊತೆಗೇ ಬರುವ ಸುಮಾರು 3 ಓಮ್‌ಗಳ ರೋಧಕದ ಮೂಲಕ ಕಾರಿನ ಲೋಹದ ಮೈಗೂ ಜೋಡಿಸಬೇಕು. ಆಫ್ ಮಾಡಿದ ಕ್ಷಣದಲ್ಲಿ ಆಲ್ಟರ್ನೇಟರಿನಲ್ಲಿ ಉಳಿದ ಶಕ್ತಿ ಈ ರೋಧಕದಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಈ ತುದಿಯನ್ನು ಮರೆತು ಬ್ಯಾಟರಿಯ ಕಡೆಯ ಬೋಲ್ಟಿಗೆ ಸಿಕ್ಕಿಸಿದರೆ, ಕಾರು ನಿಂತಿರುವಷ್ಟು ಕಾಲವೂ ಬ್ಯಾಟರಿ ರೋಧಕದ ಮೂಲಕ ಬರಿದಾಗುತ್ತದೆ. ಕ್ಷಣಕಾಲದ ಕೆಲಸಕ್ಕಾಗಿ ಮಾಡಿದ ರೋಧಕವೂ ಸುಡುವಷ್ಟು ಕಾಯುತ್ತದೆ.

ಕೆಲವರು ಇನ್ನೊಂದು ಸುಲಭೋಪಾಯ ಹಿಡಿಯುತ್ತಾರೆ: ಆಲ್ಟರ್ನೇಟರಿನ ತಂತಿಯನ್ನು ಸ್ವಿಚ್ಚಿಗೂ ಹಿಂದೆ ನೇರವಾಗಿ ಬ್ಯಾಟರಿಯ ಕಡೆಗೆ ಒಯ್ಯುವುದು. ಸ್ವಿಚ್ಚು ಆಫ್ ಆದರೆ ಇಗ್ನಿಷನ್ನಿಗೆ ಎರಡೂ ಮೂಲಗಳು ತಪ್ಪುತ್ತವೆ, ಎಂಜಿನ್ ನಿಲ್ಲುತ್ತದೆ. ಬ್ಯಾಟರಿಯ ಸಂಪರ್ಕ ಉಳಿದಿರುವುದರಿಂದ ವೋಲ್ಟೇಜೂ ಜಿಗಿಯುವುದಿಲ್ಲ. ಆದರೆ ಬ್ಯಾಟರಿಯಿಂದ ಎಂಜಿನ್ನಿನ ತನಕ ಒಂದು ದಪ್ಪ ತಂತಿಯಲ್ಲಿ ಸದಾ ವಿದ್ಯುತ್ತಿರುತ್ತದೆ. ಸ್ವಿಚ್ಚು ತಿರುಗಿಸಿದವರಿಗೆ ಅದು ಗೊತ್ತಾಗುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಗುಂಡಿ ಒತ್ತಿದರೆ ಕೆಲಸ ಮಾಡುವ ಇಲೆಕ್ಟ್ರಾನಿಕ್ ಸ್ವಿಚ್ಚುಗಳೂ ಈಗ ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಒಳಗೊಂದು ಹೊರಗೊಂದು ಗುಂಡಿ ಇಡಲು ಬಹಳ ಅನುಕೂಲ.

ಎಲ್ಲಿ ಕೂರಿಸಬೇಕು?

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಾವಳಿಯ ಪರಿಶಿಷ್ಟ ‘ಜೆ’ಯ 253ನೆಯ ವಿಧಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸ್ವಿಚ್ಚು ಬ್ಯಾಟರಿ, ಆಲ್ಟರ್ನೇಟರ್, ದೀಪ, ಇಗ್ನಿಷನ್ ಮೊದಲಾದ ಎಲ್ಲ ವಿದ್ಯುತ್ ಮಂಡಲಗಳನ್ನೂ ಕಡಿಯಬೇಕು, ಎಂಜಿನ್ನನ್ನೂ ನಿಲ್ಲಿಸಬೇಕು. ಕಿಡಿ ಹಾರಿಸದ ಮಾದರಿಯದಾಗಿರಬೇಕು. ಕಾರಿನ ಒಳಗಿನಿಂದಲೂ ಹೊರಗಿನಿಂದಲೂ ಕೈಗೆ ಸಿಗಬೇಕು. ಮುಚ್ಚಿದ ಕಾರುಗಳಲ್ಲಿ ಹೊರಗಿನ ಹಿಡಿಕೆಯ ಸ್ಥಾನ ಮುಂಗಾಜಿನ ಬುಡ. ಅದರ ಗುರುತು, ಬಿಳಿಯ ಅಂಚಿರುವ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚು. ತ್ರಿಕೋನದ ತಳ ಕನಿಷ್ಠ 12 ಸೆಂಟಿಮೀಟರ್. ಇದರ ಪಕ್ಕದಲ್ಲಿ, ಕೆಂಪು ಅಂಚಿನ ಬಿಳಿಯ ವೃತ್ತದಲ್ಲಿ ಕೆಂಪು ‘ಇ’ ಅಕ್ಷರ ಕಂಡರೆ ಅದು ಅಗ್ನಿಶಾಮಕ ವ್ಯವಸ್ಥೆಯ ಹಿಡಿಕೆ. ಊರಿಗೆ ಹೋದಾಗ ಚಿಕ್ಕಮಗಳೂರಿನ ಕಾಫಿತೋಟಗಳ ನಡುವಿನ ರ‍್ಯಾಲಿಯೊಂದನ್ನು ನೋಡಿದೆ. ಅಲ್ಲಿಯ ಕಾರುಗಳ ಮೇಲೂ ಇದೇ ತ್ರಿಕೋನವಿತ್ತು. ಭಾಷೆ ಯಾವುದೇ ಇರಲಿ, ಓಡಿಬಂದವರಿಗೆ ಅರ್ಥವಾಗಬೇಕೆಂಬುದೇ ಅದರ ಉದ್ದೇಶ.

ನೇರ ಹಾದಿಯ ಡ್ರ್ಯಾಗ್ ಓಟಗಳಲ್ಲಿ ಪದ್ಧತಿ ಬೇರೆ. ಅಮೆರಿಕದ ಎನ್‌ಎಚ್‌ಆರ್‌ಎ ನಿಯಮದಂತೆ ಸ್ವಿಚ್ಚು ಕಾರಿನ ಹಿಂತುದಿಯಲ್ಲಿ, ಧನ ತಂತಿಯ ಮೇಲೆಯೇ ಇರಬೇಕು. ಒತ್ತುವ-ಎಳೆಯುವ ಬಗೆಯದಾದರೆ ಒತ್ತಿದಾಗ ಆಫ್ ಆಗಬೇಕು. ಆಫ್ ಎಂಬ ಗುರುತು ಸ್ಪಷ್ಟವಾಗಿ ಕಾಣಬೇಕು. ಆದ್ದರಿಂದ ರಂಧ್ರ ಕೊರೆಯುವ ಮುನ್ನ ನೀವು ಓಡಿಸಲಿರುವ ಸ್ಪರ್ಧೆಯ ಆ ವರ್ಷದ ನಿಯಮಪುಸ್ತಕವನ್ನು ಓದಿಕೊಳ್ಳಿ.

ಜೋಡಣೆಯ ಕ್ರಮ

ಮೊದಲು ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬ್ಯಾಟರಿಯ ಧನ ತುದಿಗೂ ಕಾರಿನ ಮೈಗೂ ನಡುವೆ ಉಂಗುರ ಸಿಕ್ಕಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾದು ಬೆರಳ ಸುತ್ತ ಆಳವಾಗಿ ಸುಡುತ್ತದೆ. ಅಂಥ ಬೆರಳಿಗೆ ನಾನು ಚಿಕಿತ್ಸೆ ನೀಡಿದ್ದೇನೆ. ಆಮೇಲೆ ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ; ಎಲ್ಲ ಮುಗಿದ ಮೇಲೆ ಅದನ್ನೇ ಕೊನೆಗೆ ಕೂಡಿಸಿ. ಋಣ ತಂತಿ ಬಿಚ್ಚಿದ್ದರೆ, ಧನ ತುದಿ ಸಡಿಲಿಸುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಕಿಡಿ ಹಾರದು.

ಸ್ಥಾನ ಗೊತ್ತುಮಾಡುವಾಗ ಚಾಲಕ ಹೆಲ್ಮೆಟ್ಟು, ಕೈಗವಸು ತೊಟ್ಟು, ಬೆಲ್ಟು ಬಿಗಿದುಕೊಂಡು ಕೂರಲಿ. ಬೆಲ್ಟು ಇಲ್ಲದೆ ಕೈಗೆಟಕುವ ಜಾಗ ಬೆಲ್ಟು ಬಿಗಿದ ಮೇಲೆ ಎಟಕದೆ ಹೋಗುವುದು ಸಾಮಾನ್ಯ. ಮಿಯಾಟಾದಂತೆ ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಸ್ವಿಚ್ಚು ಬ್ಯಾಟರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಸ್ವಿಚ್ಚಿನ ತನಕದ ತಂತಿಯಲ್ಲಿ ಆಫ್ ಮಾಡಿದ ಮೇಲೂ ವಿದ್ಯುತ್ತಿರುತ್ತದೆ. ಹಾಗೆ ಕೂರಿಸಿದಾಗ ಎಳೆಯುವ ಕೇಬಲ್ಲಿನಿಂದ ಹಿಡಿಕೆಯನ್ನು ಬೇಕಾದಲ್ಲಿಗೆ ತರಬಹುದು.

ಸ್ಟಾರ್ಟರ್ ತಿರುಗುವಾಗ ಸಣ್ಣ ಎಂಜಿನ್ನೂ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಸ್ವಿಚ್ಚೂ ತಂತಿಯೂ ಅದನ್ನು ತಾಳುವಂತಿರಬೇಕು. ಮೂಲ ತಂತಿಗಿಂತ ತೆಳುವಾದುದನ್ನು ಎಂದೂ ಬಳಸಬೇಡಿ. ತಂತಿಯ ತುದಿಗೆ ಹಾಕುವ ಲಗ್ಗನ್ನು ಅದಕ್ಕೆಂದೇ ಇರುವ ಉಪಕರಣದಿಂದ ಒತ್ತಿ ಬಿಗಿಯಬೇಕು, ಸುತ್ತಿಗೆಯಿಂದ ಜಜ್ಜಬಾರದು. ತಗಡನ್ನು ಹಾಯುವಲ್ಲೆಲ್ಲ ರಂಧ್ರಕ್ಕೆ ರಬ್ಬರಿನ ಬಳೆ ಇರಲಿ. ಬೋಲ್ಟುಗಳಿಗೆ ಕಂಪನಕ್ಕೆ ಸಡಿಲವಾಗದ ವಾಷರ್, ಅದರ ಮೇಲೆ ರಬ್ಬರಿನ ಟೊಪ್ಪಿಗೆ ಹಾಕಿ.

ಕೊನೆಯದಾಗಿ, ಕಳ್ಳ ತಂತಿಗಳನ್ನು ಹುಡುಕಿ. ಗಣಕದ ನೆನಪು ಅಳಿಸಬಾರದೆಂದೋ ಕ್ಯಾಮೆರಾಕ್ಕೆಂದೋ ಯಾರೋ ಎಂದೋ ಬ್ಯಾಟರಿಯಿಂದ ನೇರವಾಗಿ ಎಳೆದ ಸಣ್ಣ ತಂತಿಯೊಂದು ಇದ್ದೇ ಇರುತ್ತದೆ. ಅಂಥ ಒಂದು ತಂತಿ ಉಳಿದರೂ ಕಾರು ಸತ್ತಂತಲ್ಲ. ವಿದ್ಯುತ್ತಿನಿಂದ ಸಿಡಿಯುವ ಅಗ್ನಿಶಾಮಕವಿದ್ದರೆ ಅದೊಂದಕ್ಕೆ ಮಾತ್ರ ಅದರದೇ ಪ್ರತ್ಯೇಕ ಬ್ಯಾಟರಿಯಿರಬೇಕು. ಮುಖ್ಯ ಸ್ವಿಚ್ಚು ಆಫ್ ಆದ ಮೇಲೂ ಅದು ಕೆಲಸ ಮಾಡಬೇಕಲ್ಲ! ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ವಿಷಯ ಬೇರೆ. ಕಿತ್ತಳೆ ಬಣ್ಣದ ತಂತಿ ಕಂಡಲ್ಲಿ ತರಬೇತಿಯಿಲ್ಲದವರು ಕೈ ಹಾಕಲೇಬಾರದು.

ಪರೀಕ್ಷೆ

ನಾವು ಮಾಡಿದ ಪರೀಕ್ಷೆಯಲ್ಲಿ ಎಂಜಿನ್ ನಿಂತಿತ್ತು, ಆಲ್ಟರ್ನೇಟರ್ ತಿರುಗುತ್ತಿರಲಿಲ್ಲ. ಅದೊಂದು ಪರೀಕ್ಷೆಯೇ ಅಲ್ಲ. ಎಂಜಿನ್ ಓಡುತ್ತಿರುವಾಗಲೇ ಸ್ವಿಚ್ಚನ್ನು ಪರೀಕ್ಷಿಸಬೇಕು. ಕಾರನ್ನು ಬಯಲಿಗೆ ತಂದು, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಮೊದಲು ಸಾವಕಾಶ ವೇಗದಲ್ಲಿ ಆಫ್ ಮಾಡಿ ನೋಡಿ. ಅನಂತರ ನಿಮಿಷಕ್ಕೆ 3000 ಸುತ್ತುಗಳಿಗೆ ಏರಿಸಿ ಮತ್ತೆ ಆಫ್ ಮಾಡಿ. ಸಾವಕಾಶ ವೇಗದಲ್ಲಿ ಸಾಯುವ ಎಂಜಿನ್ ವೇಗ ಏರಿದಾಗ ಆಲ್ಟರ್ನೇಟರಿನ ಬಲದಿಂದ ಬದುಕುಳಿಯಬಹುದು. ರೋಧಕವನ್ನು ಜೋಡಿಸದೆ ಮಾತ್ರ ಈ ಪರೀಕ್ಷೆಗೆ ಇಳಿಯಬೇಡಿ. ಕಾರಣ ಮೇಲೆ ಹೇಳಿದ ವೋಲ್ಟೇಜಿನ ಜಿಗಿತ.

ಎಂಜಿನ್ ನಿಂತ ಮೇಲೆ ಇಂಧನ ಪಂಪಿನ ಸದ್ದು ಆಲಿಸಿ. ದೀಪ, ಬ್ರೇಕಿನ ದೀಪ, ಸ್ಟಾರ್ಟರ್ ಒಂದೊಂದನ್ನೂ ಪ್ರಯತ್ನಿಸಿ. ಫ್ಯೂಸ್ ಪೆಟ್ಟಿಗೆಯಲ್ಲಿ ವೋಲ್ಟ್‌ಮೀಟರ್ ಸೊನ್ನೆ ತೋರಿಸಬೇಕು. ಚಾಲಕ ಬೆಲ್ಟು ಬಿಗಿದುಕೊಂಡೇ ಒಳಗಿನಿಂದ ಆಫ್ ಮಾಡಲಿ. ಬಳಿಕ ಕಾರಿನ ಪರಿಚಯವಿಲ್ಲದ ಒಬ್ಬರನ್ನು ಕರೆದು, ಏನನ್ನೂ ಹೇಳಿಕೊಡದೆ, ಹೊರಗಿನಿಂದ ನಿಲ್ಲಿಸಲು ಹೇಳಿ. ಈ ಕೊನೆಯ ಪರೀಕ್ಷೆಯೇ ಮುಖ್ಯ.

ಆ ಘಟನೆಯ ಮರುವಾರವೇ ನಾವು ಹಳೆಯ ಸ್ವಿಚ್ಚನ್ನು ಕಿತ್ತು ಆರು ಟರ್ಮಿನಲ್‌ಗಳದನ್ನು ಹಾಕಿದೆವು. ಅಂದು ಓಡಿಬಂದ ಹಿರಿಯರ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಅವರು ನಮ್ಮ ಹೊಸ ಸ್ವಿಚ್ಚನ್ನು ತಾವೇ ತಿರುಗಿಸಿ, ಎಂಜಿನ್ ನಿಂತದ್ದನ್ನು ಕಂಡು ತಲೆಯಾಡಿಸಿದರು. ಈಗ ಪ್ರತಿ ವಸಂತದಲ್ಲಿ ಮೊದಲ ಓಟಕ್ಕೆ ಮುನ್ನ ಮಗ ಎಂಜಿನ್ ಏರಿಸಿ ಕೂರುತ್ತಾನೆ, ಕಾರಿನ ಗಂಧವೇ ಇಲ್ಲದ ನನ್ನ ಹೆಂಡತಿಯನ್ನು ಕರೆದು ನಿಲ್ಲಿಸಲು ಹೇಳುತ್ತೇವೆ. ಕಳೆದ ಬಾರಿ ಆಕೆ ಒಂದು ಗಳಿಗೆ ತಡವರಿಸಿದಳು. ನೋಡಿದರೆ ಆಫ್ ಕಡೆಗೆ ತೋರಿಸುವ ಬಾಣದ ಗುರುತು ಬಿಸಿಲಿಗೆ ಮಾಸಿತ್ತು. ಆ ದಿನವೇ ಹೊಸ ಗುರುತು ಅಂಟಿಸಿ ಆಕೆಯನ್ನು ಮತ್ತೆ ಕರೆದೆವು.